ಜಲಪಾತಕ್ಕೆ ಎಷ್ಟು ಹೊತ್ತು ಶಟರ್ ತೆರೆಯಬೇಕು?

ಐಸ್‌ಲ್ಯಾಂಡಿನ ಜಲಪಾತಗಳ ಚಿತ್ರಗಳನ್ನು ಸಾಲಾಗಿ ನೋಡಿದರೆ ಎಲ್ಲವೂ ಒಂದೇ ಮಗ್ಗದಲ್ಲಿ ನೇಯ್ದ ರೇಷ್ಮೆಯಂತಿವೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಒಂದೆರಡು ಸೆಕೆಂಡು ಶಟರ್ ತೆರೆದಿಟ್ಟರೆ ಈ ನುಣುಪು ಬರುತ್ತದೆ. ಅವರವರ ಅಭಿರುಚಿ ಎಂದು ಸುಮ್ಮನಾಗಬಹುದಿತ್ತು. ಆದರೆ ನೀರಿನ ಯಾವ ಗುಣ ಚಿತ್ರದಲ್ಲಿ ಉಳಿಯಬೇಕು, ಯಾವುದು ಅಳಿಯಬೇಕು ಎಂದು ತೀರ್ಮಾನಿಸುವುದೇ ಶಟರಿನ ಅವಧಿ. ಉದಾಹರಣೆಗೆ, ಅಲ್ಲಿನ ಸ್ಕೋಗಾಫಾಸ್ ಜಲಪಾತ ಸುಮಾರು 60 ಮೀಟರ್ ಎತ್ತರದ್ದು. ಗಾಳಿಯ ತಡೆಯೇ ಇಲ್ಲದಿದ್ದರೆ ಅಲ್ಲಿಂದ ಬಿದ್ದ ನೀರು ಸೆಕೆಂಡಿಗೆ ಸುಮಾರು 34 ಮೀಟರ್ ವೇಗದಲ್ಲಿ ತಳ ಮುಟ್ಟಬೇಕು. ಧಾರೆ ಒಡೆದು ಹನಿಯಾದೊಡನೆ ಗಾಳಿ ಅದನ್ನು ತಡೆಯುತ್ತದೆ. ನಿಶ್ಚಲ ಗಾಳಿಯಲ್ಲಿ ದಪ್ಪ ಮಳೆಹನಿಯೂ ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ಜೋರಾಗಿ ಬೀಳದು. ಅಂಥ ಹನಿ 1/1000 ಸೆಕೆಂಡಿನಲ್ಲಿ ಸರಿಯುವುದು 9 ಮಿಲಿಮೀಟರ್, ಇಡೀ ಸೆಕೆಂಡಿನಲ್ಲಿ 9 ಮೀಟರ್. ಇಡೀ ಸೆಕೆಂಡಿನ ಚಿತ್ರದಲ್ಲಿ ಹನಿ ಇಲ್ಲ, ಅದು ಹಾದುಹೋದ ದಾರಿ ಮಾತ್ರ ಇದೆ.

ದೀರ್ಘ ಎಕ್ಸ್‌ಪೋಷರ್ (ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು) ಮಾಡುವುದು ಸರಾಸರಿಯ ಕೆಲಸ. ನಿಂತಲ್ಲೇ ನಿಂತದ್ದು ಸ್ಪಷ್ಟವಾಗುತ್ತದೆ, ಜಾಗ ಬದಲಿಸಿದ್ದು ಕರಗುತ್ತದೆ. ಹ್ರೌನ್‌ಫೊಸ್ಸಾರ್ ಜಲಪಾತದಲ್ಲಿ ಲಾವಾ ಹಾಸಿನ ಅಡಿಯಿಂದ ತಿಳಿನೀರು ನೂರಾರು ಎಳೆಗಳಾಗಿ ಜಿನುಗುತ್ತದೆ. ಪ್ರತಿ ಎಳೆಗೂ ತನ್ನದೇ ಬಂಡೆಬಿರುಕು ಇರುವುದರಿಂದ ಅಲ್ಲಿ ದೀರ್ಘ ಎಕ್ಸ್‌ಪೋಷರ್ ಸತ್ಯವನ್ನೇ ಹೇಳುತ್ತದೆ. ದೆಟ್ಟಿಫಾಸ್ ಜಲಪಾತ ಹಾಗಲ್ಲ. ವಾಟ್ನಯೋಕುಲ್ ಹಿಮನದಿಯ ಕರಗುನೀರು ಬಂಡೆ ಅರೆದ ನುಣ್ಣನೆ ಪುಡಿಯನ್ನು ಹೊತ್ತು, ಬೂದುಬಣ್ಣಕ್ಕೆ ತಿರುಗಿ, ಸುಮಾರು 100 ಮೀಟರ್ ಅಗಲದಲ್ಲಿ 44 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅಲ್ಲಿನ ನೀರು ಮುದ್ದೆಮುದ್ದೆಯಾಗಿ ಒಡೆಯುತ್ತ ಬೀಳುವುದೇ ಅದರ ಜೀವಾಳ. ಎರಡು ಸೆಕೆಂಡು ತೆರೆದ ಶಟರ್ ಆ ಒರಟುತನವನ್ನು ಸವರಿಹಾಕುತ್ತದೆ. ಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ ನೀಲಿ ಮಾಡಿದರಂತೂ ಹಿಮನದಿಯ ಗುರುತೇ ಉಳಿಯುವುದಿಲ್ಲ. (ಕ್ಯಾಲೆಂಡರ್ ಅಚ್ಚುಮಾಡುವವರಿಗೆ ಬೂದುಬಣ್ಣ ಯಾಕೋ ಆಗಿಬರುವುದಿಲ್ಲ.)

1/1000 ಸೆಕೆಂಡಿನ ಚಿತ್ರವೂ ಕಣ್ಣು ಕಂಡದ್ದಲ್ಲವಲ್ಲ ಎಂದು ಕೇಳಬಹುದು. ನಿಜ, ಗಾಳಿಯಲ್ಲಿ ನಿಂತ ಹನಿಯನ್ನು ಯಾರೂ ಬರಿಗಣ್ಣಿನಿಂದ ನೋಡಿಲ್ಲ. ಆದರೆ ಆ ಚಿತ್ರದಲ್ಲಿ ನೀರು ಎಲ್ಲಿ ಒಡೆಯಿತು, ಎಲ್ಲಿ ತುಂತುರಾಯಿತು ಎಂಬ ಮಾಹಿತಿ ಇರುತ್ತದೆ. ಸರಾಸರಿ ಚಿತ್ರಕ್ಕೂ ವಿಜ್ಞಾನದಲ್ಲಿ ಸ್ಥಾನವಿದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಕಡಲತೀರದ ಅಧ್ಯಯನಗಳಲ್ಲಿ ಹತ್ತು ನಿಮಿಷಗಳಲ್ಲಿ ತೆಗೆದ ಚಿತ್ರಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುತ್ತಾರೆ. ಅಲೆಗಳು ಅಳಿಸಿಹೋಗಿ, ಅವು ಮತ್ತೆಮತ್ತೆ ಒಡೆಯುವ ಜಾಗ ಬಿಳಿಪಟ್ಟಿಯಾಗಿ ಮೂಡಿ, ನೀರಿನಡಿಯ ಮರಳುದಿಣ್ಣೆ ಎಲ್ಲಿದೆಯೆಂದು ತಿಳಿಯುತ್ತದೆ. ಆದರೆ ಆ ಸಂಶೋಧಕರು ಅವಧಿಯನ್ನು ಬರೆದಿಟ್ಟಿರುತ್ತಾರೆ. ಕ್ಯಾಲೆಂಡರಿನ ಚಿತ್ರ ಅದನ್ನು ಹೇಳುವುದಿಲ್ಲ. ರೇಷ್ಮೆನೀರು ಬೇಕೆನ್ನುವವರು ಧಾರಾಳವಾಗಿ ತೆಗೆಯಲಿ. ಚಿತ್ರದಡಿ ಶಟರ್ ಅವಧಿ, ತಾರೀಖು, ಗಂಟೆ ಇಷ್ಟನ್ನು ಮಾತ್ರ ಬರೆಯಲಿ. ಬೇಸಿಗೆಯಲ್ಲಿ ಹಿಮನದಿಯ ಹೊಳೆ ದಿನದ ಬಿಸಿಲಿಗೆ ತಕ್ಕಂತೆ ಏರಿಳಿಯುವುದರಿಂದ, ಗಂಟೆ ನಮೂದಿಸದ ಚಿತ್ರವನ್ನು ಮುಂದೆ ಯಾವುದರೊಡನೆಯೂ ಹೋಲಿಸಲು ಬರುವುದಿಲ್ಲ.