‘ಟು’ ಎಲ್ಲಿ, ‘ಇಂಗ್’ ಎಲ್ಲಿ?

ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಪ್ರಬಂಧದಲ್ಲಿ ‘ಐ ಎಂಜಾಯ್ಡ್ ಟು ರೀಡ್ ದಿಸ್ ಬುಕ್’ ಎಂದು ಬರೆದನೆಂದರೆ ಉಪಾಧ್ಯಾಯರ ಕೆಂಪು ಮಸಿ ‘ಟು ರೀಡ್’ ಎಂಬುದರ ಕೆಳಗೆ ಗೆರೆಯೆಳೆಯುವುದು. ಅಲ್ಲಿ ‘ರೀಡಿಂಗ್’ ಎಂದಿರಬೇಕು. ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಅವನೇ ಮುಂದಿನ ವಾಕ್ಯದಲ್ಲಿ ‘ಐ ವಾಂಟ್ ರೀಡಿಂಗ್ ಅನದರ್ ಬುಕ್’ ಎಂದರೆ ಅಲ್ಲಿಯೂ ಕೆಂಪು ಗೆರೆಯೇ; ಈ ಸಲ ‘ಟು ರೀಡ್’ ಎಂಬುದೇ ಸರಿ. ಹೀಗೇಕೆ ಎಂದು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದು ಪಟ್ಟಿ. ಎಂಜಾಯ್, ಅವಾಯ್ಡ್, ಫಿನಿಷ್, ಡಿನೈ ಮೊದಲಾದವುಗಳ ಮುಂದೆ ‘ಇಂಗ್’, ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್, ರೆಫ್ಯೂಸ್ ಮೊದಲಾದವುಗಳ ಮುಂದೆ ‘ಟು’, ಬಾಯಿಪಾಠ ಮಾಡಿರಿ!

ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಕಾರಣ ತಿಳಿಯದೆ ಉರುಹೊಡೆದ ಪಟ್ಟಿ ಪರೀಕ್ಷೆಯ ಮರುದಿನವೇ ಮರೆತುಹೋಗುವುದು. ನಷ್ಟವಾದರೋ ಒಂದೆರಡು ಅಂಕಗಳಿಗೆ ನಿಲ್ಲುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ತರುಣನು ಮುಂದೆ ಉದ್ಯೋಗಕ್ಕೆ ಅರ್ಜಿ ಬರೆದಾಗ, ಇಂತಹ ಒಂದು ‘ಟು’ವಿನಿಂದಲೇ ಅವನ ಬುದ್ಧಿಯನ್ನೆಲ್ಲ ಅಳೆದುಬಿಡುವ ಜನರಿದ್ದಾರೆ. ಅದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಅದು ಹಾಗಿರಲಿ, ಈ ‘ಟು’ ಮತ್ತು ‘ಇಂಗ್’ಗಳ ವಿಷಯದಲ್ಲಿ ಭಾಷಾವಿಜ್ಞಾನವು ಏನು ಹೇಳುತ್ತದೆ, ನಮ್ಮ ಕನ್ನಡವೇ ಇಲ್ಲಿ ನಮಗೆಷ್ಟು ನೆರವಾಗಬಲ್ಲದು ಎಂಬುದನ್ನು ನೋಡೋಣ.

ಇಂಗ್ಲಿಷಿನವರು ಇನ್‌ಫಿನಿಟಿವ್ ಎಂದು ಕರೆಯುವುದಕ್ಕೆ ಸಮನಾಗಿ ನಮ್ಮಲ್ಲಿ ‘ಮಾಡಲು’, ‘ಮಾಡಲಿಕ್ಕೆ’ ಎಂಬ ರೂಪಗಳಿವೆ. ಶಾಲೆಯ ವ್ಯಾಕರಣದಲ್ಲಿ ಇವು ಕೃದಂತಾವ್ಯಯಗಳು. ಅವರ ಜೆರಂಡ್ ಎಂಬುದಕ್ಕೆ ಸಮನಾದುದು ‘ಮಾಡುವುದು’, ‘ಮಾಡುವಿಕೆ’ ಎಂಬ ಭಾವನಾಮ. ಎರಡರ ನಡುವೆ ಆಯ್ದುಕೊಳ್ಳುವ ಕೆಲಸವನ್ನು ನಾವು ಹುಟ್ಟಿದಂದಿನಿಂದ ಮಾಡುತ್ತಲೇ ಬಂದಿದ್ದೇವೆ, ಯಾವ ಪಟ್ಟಿಯೂ ಇಲ್ಲದೆ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರಿನ ಮಾತನ್ನೇ ತೆಗೆದುಕೊಳ್ಳೋಣ. ಆ ಸೀಮೆಯಲ್ಲಿ ‘ಅಂವ ನೀರು ತರಾಕ ಹೋಗ್ಯಾನ’ ಎನ್ನುತ್ತಾರೆ. ‘ಅಂವ ಓದೂದು ಬಿಟ್ಟಾನ’ ಎನ್ನುತ್ತಾರೆ. ಮೊದಲನೆಯದರಲ್ಲಿ ‘ತರೂದು ಹೋಗ್ಯಾನ’ ಎಂದು ಎಳೆಯ ಮಗು ಕೂಡ ಹೇಳದು. ಈಗ ಇವನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿರಿ. ನೀರು ತರಾಕ ಹೋದವನು ‘ಟು ಬ್ರಿಂಗ್ ವಾಟರ್’ ಹೋಗಿದ್ದಾನೆ. ಓದೂದು ಬಿಟ್ಟವನು ‘ರೀಡಿಂಗ್’ ಬಿಟ್ಟಿದ್ದಾನೆ. ‘ಆಕ’ ಇದ್ದಲ್ಲಿ ‘ಟು’, ‘ಊದು’ ಇದ್ದಲ್ಲಿ ‘ಇಂಗ್’.

ಇದು ಆಕಸ್ಮಿಕವೇ? ಅಲ್ಲವೆಂದೇ ತೋರುತ್ತದೆ. ಅದೇ ಹುಲಗೂರಿನಲ್ಲಿ ‘ಕೆಲಸಕ್ಕ ಹೋಗ್ಯಾನ’ ಎಂಬ ಮಾತೂ ಉಂಟಷ್ಟೆ. ‘ಕೆಲಸಕ್ಕ’ ಎಂಬಲ್ಲಿಯ ‘ಕ’, ‘ಮಾಡಾಕ’ ಎಂಬಲ್ಲಿಯ ‘ಕ’ ಎರಡೂ ಚತುರ್ಥೀ ವಿಭಕ್ತಿಯ ‘ಕೆ’ ಎಂಬುದರ ರೂಪಗಳೇ. ಎತ್ತಕಡೆಗೆ, ಏತಕ್ಕೆ ಎಂಬ ಅರ್ಥ ಅದರಲ್ಲಿದೆ. ಇಂಗ್ಲಿಷಿನ ‘ಟು’ ಕೂಡ ಮೂಲತಃ ‘ಕಡೆಗೆ’ ಎಂಬ ಅರ್ಥದ ಉಪಸರ್ಗ. ‘ಟು ಸ್ಕೂಲ್’ ಎಂದರೆ ಶಾಲೆಗೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಹಾಡು ಎಂಬ ಧಾತುವಿನ ಸಾದಾ ರೂಪ ‘ಸಿಂಗನ್’ ಎಂದಿತ್ತು; ಹಾಡಲಿಕ್ಕೆ ಎನ್ನಬೇಕಾದಾಗ ಅದಕ್ಕೆ ಚತುರ್ಥಿಯ ಪ್ರತ್ಯಯ ಹತ್ತಿಸಿ ‘ಟೋ ಸಿಂಗೆನ್ನೆ’ ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದುಹೋಗಿ ‘ಟು ಸಿಂಗ್’ ಉಳಿಯಿತು. ಏನನ್ನೋ ಮಾಡುವ ಉದ್ದೇಶವನ್ನು ತಿಳಿಸುವ ರೂಪವೇ ಮೆಲ್ಲಮೆಲ್ಲನೆ ಸಾಮಾನ್ಯ ಇನ್‌ಫಿನಿಟಿವ್ ಆಗಿ ಬೆಳೆಯುವುದು ಜಗತ್ತಿನ ಅನೇಕ ಭಾಷೆಗಳು ತುಳಿದ ದಾರಿಯೆಂದು ಜರ್ಮನಿಯ ಭಾಷಾವಿಜ್ಞಾನಿ ಮಾರ್ಟಿನ್ ಹಾಸ್ಪೆಲ್‌ಮಾತ್ 1989ರಲ್ಲಿ ತೋರಿಸಿಕೊಟ್ಟರು. ಪರಸ್ಪರ ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳಿಗೆ ಸೇರಿದ ಕನ್ನಡವೂ ಇಂಗ್ಲಿಷೂ ಆ ದಾರಿಯಲ್ಲಿ ಹೀಗೆ ಸಂಧಿಸಿವೆ.

‘ಇಂಗ್’ನ ಹುಟ್ಟು ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಉಂಗ್’, ‘ಇಂಗ್’ ಎಂಬ ಪ್ರತ್ಯಯ ಸೇರಿಸಿ ಧಾತುವಿನಿಂದ ಶುದ್ಧ ನಾಮಪದಗಳನ್ನು ಮಾಡುತ್ತಿದ್ದರು, ನಾವು ‘ನಡೆ’ಯಿಂದ ‘ನಡಿಗೆ’, ‘ಓಡು’ವಿನಿಂದ ‘ಓಟ’ ಮಾಡಿದಂತೆ. ಆ ನಾಮಪದವು ಕ್ರಿಯೆಯ ಗುಣವನ್ನು ಪಡೆದು ತನ್ನದೇ ಕರ್ಮವನ್ನು ಹಿಂದಿಟ್ಟುಕೊಂಡು ನಡೆಯಲು ಕಲಿತದ್ದು ತೀರ ಈಚೆಗೆ, ಮಧ್ಯಕಾಲದ ಇಂಗ್ಲಿಷಿನಲ್ಲಿ. ಆದರೂ ಹುಟ್ಟುಗುಣ ಬಿಡಲಿಲ್ಲ. ಇಂದಿಗೂ ಜೆರಂಡ್ ಎಂಬುದು ಕ್ರಿಯೆಯನ್ನು ಒಂದು ವಸ್ತುವಿನಂತೆ ನಮ್ಮ ಮುಂದೆ ಇಡುತ್ತದೆ. ಇನ್‌ಫಿನಿಟಿವ್ ಇನ್ನೂ ಆಗಬೇಕಾದ ಕ್ರಿಯೆಯ ಕಡೆಗೆ ಬೆರಳು ತೋರಿಸುತ್ತದೆ. ಅಮೆರಿಕದ ವಿದ್ವಾಂಸ ಡ್ವೈಟ್ ಬೋಲಿಂಜರ್ 1968ರಲ್ಲಿ ಇವೆರಡರ ಅಂತರವನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸಿದರು: ಒಂದರಲ್ಲಿ ಕ್ರಿಯೆ ವಸ್ತುವಾಗುತ್ತದೆ, ಮತ್ತೊಂದರಲ್ಲಿ ಅದು ಕೇವಲ ಸಾಧ್ಯತೆ. ಬಯಸುವುದು, ಆಶಿಸುವುದು, ನಿರ್ಧರಿಸುವುದು, ಮಾತು ಕೊಡುವುದು ಇವೆಲ್ಲ ಮುಂದಿನದನ್ನು ಕುರಿತವು, ಆದುದರಿಂದ ‘ಟು’. ಮುಗಿಸುವುದಕ್ಕಾಗಲಿ ಬಿಡುವುದಕ್ಕಾಗಲಿ ಕೆಲಸವೊಂದು ಆಗಲೇ ನಡೆಯುತ್ತಿರಬೇಕು, ಆದುದರಿಂದ ‘ಇಂಗ್’.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಇಂಗ್ಲಿಷರಿಗೇ ಇಲ್ಲದ ಒಂದು ಸೌಲಭ್ಯವಿದೆ. ‘ಡೂಯಿಂಗ್’ ಎಂಬ ರೂಪವು ತಾನಾಗಿ ಕಾಲವನ್ನು ತಿಳಿಸದು. ನಮ್ಮಲ್ಲಿ ‘ಮಾಡುವುದು’ ಬೇರೆ, ‘ಮಾಡಿದ್ದು’ ಬೇರೆ. ಈ ‘ಮಾಡಿದ್ದು’ ಎಂಬುದನ್ನು ಒರೆಗಲ್ಲಾಗಿ ಬಳಸಬಹುದು. ‘ಬಾಗಿಲು ಹಾಕಿದ್ದು ನೆನಪಿದೆ’ ಎಂಬಲ್ಲಿ ಹಾಕುವ ಕೆಲಸ ಮುಗಿದಿದೆ. ಇಂಗ್ಲಿಷಿನಲ್ಲಿ ‘ಐ ರಿಮೆಂಬರ್ ಲಾಕಿಂಗ್ ದ ಡೋರ್’. ‘ಬಾಗಿಲು ಹಾಕಲು ನೆನಪಿಟ್ಟುಕೋ’ ಎಂಬಲ್ಲಿ ಕೆಲಸ ಇನ್ನೂ ಆಗಬೇಕು. ‘ರಿಮೆಂಬರ್ ಟು ಲಾಕ್ ದ ಡೋರ್’. ಕಚೇರಿಯ ಪತ್ರಗಳಲ್ಲಿ ಬರುವ ‘ತಿಳಿಸಲು ವಿಷಾದಿಸುತ್ತೇವೆ’ ಎಂಬುದು ‘ರಿಗ್ರೆಟ್ ಟು ಇನ್‌ಫಾರ್ಮ್’. ‘ಹಾಗೆ ಹೇಳಿದ್ದಕ್ಕೆ ವಿಷಾದಿಸುತ್ತೇನೆ’ ಎಂಬುದು ‘ರಿಗ್ರೆಟ್ ಸೇಯಿಂಗ್’.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಂಗ್ಲಿಷರು ಎರಡೆರಡು ಶಬ್ದಗಳಿಂದ ಸಾಧಿಸುವ ಭೇದವನ್ನು ಕನ್ನಡವು ಒಂದೇ ಕ್ರಿಯಾಪದದ ಹಿಂದೆ ರೂಪವನ್ನು ಬದಲಿಸಿ ಸಾಧಿಸುವುದು. ‘ಹಣ ತೆಗೆದುಕೊಳ್ಳಲು ಒಪ್ಪಿದನು’ ಎಂದರೆ ‘ಅಗ್ರೀಡ್ ಟು ಟೇಕ್’. ‘ಹಣ ತೆಗೆದುಕೊಂಡಿದ್ದನ್ನು ಒಪ್ಪಿದನು’ ಎಂದರೆ ‘ಅಡ್ಮಿಟೆಡ್ ಟೇಕಿಂಗ್’. ಹಾಗೆಯೇ ‘ಹೋಗಲು ನಿರಾಕರಿಸಿದನು’ ಎಂಬುದಕ್ಕೆ ‘ರೆಫ್ಯೂಸ್ಡ್ ಟು ಗೋ’. ‘ಹೋದದ್ದನ್ನು ನಿರಾಕರಿಸಿದನು’ ಎಂಬುದಕ್ಕೆ ‘ಡಿನೈಡ್ ಗೋಯಿಂಗ್’. ನ್ಯಾಯಸ್ಥಾನದಲ್ಲಿ ನಿಂತವನಿಗೆ ಈ ಎರಡರ ನಡುವಣ ಅಂತರವು ಸೆರೆಮನೆಗೂ ಮನೆಗೂ ಇರುವಷ್ಟು!

‘ಟ್ರೈ’ ಎಂಬ ಕ್ರಿಯಾಪದವಂತೂ ಅನೇಕರನ್ನು ಕಾಡುವುದು. ‘ಟ್ರೈಡ್ ಟು ಓಪನ್ ದ ವಿಂಡೋ’ ಎಂದರೂ ‘ಟ್ರೈಡ್ ಓಪನಿಂಗ್ ದ ವಿಂಡೋ’ ಎಂದರೂ ಸರಿಯೇ; ಅರ್ಥ ಮಾತ್ರ ಬೇರೆ. ಮೊದಲನೆಯದು ‘ಕಿಟಕಿ ತೆರೆಯಲು ಪ್ರಯತ್ನಿಸಿದನು’. ಅದು ತೆರೆಯಿತೋ ಇಲ್ಲವೋ ತಿಳಿಯದು, ಬಹುಶಃ ಬಿಗಿದುಕೊಂಡಿತ್ತು. ಎರಡನೆಯದಕ್ಕೆ ಕನ್ನಡದಲ್ಲಿ ‘ಕಿಟಕಿ ತೆರೆದು ನೋಡಿದನು’ ಎನ್ನುತ್ತೇವೆ. ಕಿಟಕಿ ತೆರೆದದ್ದೇನೋ ನಿಜ. ಸೆಕೆ ಕಡಿಮೆಯಾಗುವುದೇ ಎಂಬುದು ಪರೀಕ್ಷೆ. ‘ಉಪ್ಪು ಹಾಕಿ ನೋಡು’, ‘ಅವರನ್ನು ಕೇಳಿ ನೋಡು’ ಎಂದು ದಿನವೂ ಹೇಳುವ ನಾವು ‘ಟ್ರೈ ಆಸ್ಕಿಂಗ್’ ಎಂಬುದಕ್ಕೆ ಹೆದರಬೇಕಾದುದಿಲ್ಲ.

ಇನ್ನು ವಿಭಕ್ತಿಯ ಮಾತು. ‘ಮಾಡುವುದು’ ಎಂಬುದು ನಾಮಪದವಾದುದರಿಂದ ಎಲ್ಲ ವಿಭಕ್ತಿಗಳನ್ನೂ ತಾಳುತ್ತದೆ: ಮಾಡುವುದನ್ನು, ಮಾಡುವುದರಿಂದ, ಮಾಡುವುದರಲ್ಲಿ. ‘ಮಾಡಲು’ ಎಂಬುದಕ್ಕೆ ಆ ಶಕ್ತಿಯಿಲ್ಲ. ‘ಮಾಡಲಿಕ್ಕೆ’ ಎಂಬುದರ ಆಚೆಗೆ ‘ಮಾಡಲಿಂದ’, ‘ಮಾಡಲಲ್ಲಿ’ ಎಂಬ ಪದಗಳೇ ಇಲ್ಲ. ಇಂಗ್ಲಿಷಿನಲ್ಲಿಯೂ ಇನ್, ಆಫ್, ಫ್ರಮ್, ವಿದೌಟ್ ಮೊದಲಾದ ಉಪಸರ್ಗಗಳ ಮುಂದೆ ‘ಇಂಗ್’ ರೂಪವೇ ಬರಬೇಕು. ‘ಓದುವುದರಲ್ಲಿ ಆಸಕ್ತಿ’ ಎಂಬುದು ‘ಇಂಟರೆಸ್ಟೆಡ್ ಇನ್ ರೀಡಿಂಗ್’. ‘ಓದುವುದರಲ್ಲಿ ಆನಂದಪಟ್ಟೆನು’ ಎಂದುಕೊಂಡಿದ್ದರೆ ನಮ್ಮ ವಿದ್ಯಾರ್ಥಿಯು ‘ಎಂಜಾಯ್ಡ್ ಟು ರೀಡ್’ ಎಂದು ಬರೆಯುತ್ತಿರಲಿಲ್ಲ. ‘ಓದಲು ಆರಂಭಿಸಿದನು’, ‘ಓದುವುದನ್ನು ಆರಂಭಿಸಿದನು’ ಎಂದು ನಾವು ಎರಡು ಬಗೆಯಾಗಿಯೂ ಹೇಳುತ್ತೇವೆ. ‘ಬಿಗಿನ್’, ‘ಸ್ಟಾರ್ಟ್’ಗಳ ಮುಂದೆ ಅವರೂ ಎರಡನ್ನೂ ಬಳಸುತ್ತಾರೆ.

ಆದರೆ ತಾಯ್ನುಡಿಯ ಊರುಗೋಲನ್ನು ಎಲ್ಲೆಡೆಯೂ ನಂಬುವಂತಿಲ್ಲ. ‘ಈಜುವುದನ್ನು ಕಲಿತನು’ ಎಂಬಲ್ಲಿ ನಮ್ಮದು ಭಾವನಾಮ. ಇಂಗ್ಲಿಷಿನಲ್ಲಿ ‘ಲರ್ನ್ಡ್ ಟು ಸ್ವಿಮ್’ ಎಂದೇ ಆಗಬೇಕು. ‘ಹೋಗಲು ಸಲಹೆಯಿತ್ತರು’ ಎಂಬುದನ್ನು ನೆಚ್ಚಿ ‘ಸಜೆಸ್ಟೆಡ್ ಟು ಗೋ’ ಎಂದರೆ ತಪ್ಪು. ‘ಸಜೆಸ್ಟೆಡ್ ಗೋಯಿಂಗ್’ ಎನ್ನಬೇಕು. ಹೋಗುವ ಕೆಲಸ ಇನ್ನೂ ಆಗಿಲ್ಲವಲ್ಲ, ಹಾಗಾದರೆ ಬೋಲಿಂಜರರ ಸೂತ್ರವೇನಾಯಿತು ಎಂದು ಜಾಣ ವಾಚಕರು ಕೇಳಬಹುದು. ಸಲಹೆ ಕೊಡುವವನು ‘ಹೋಗುವಿಕೆ’ ಎಂಬ ವಿಚಾರವನ್ನು ಮೇಜಿನ ಮೇಲೆ ವಸ್ತುವಿನಂತೆ ಇಡುತ್ತಾನೆ ಎಂದು ಸಮಾಧಾನ ಹೇಳುವವರುಂಟು. ಸಮಾಧಾನ ಸೊಗಸಾಗಿದೆ, ಆದರೆ ‘ಪ್ರೊಪೋಸ್’ ಎಂಬುದು ಎರಡು ರೂಪಗಳನ್ನೂ ಒಪ್ಪುವುದೇಕೆ ಎಂಬುದನ್ನು ಅದು ವಿವರಿಸದು. ಸೂತ್ರವು ಹೆಚ್ಚಿನ ಕಡೆ ದಾರಿ ತೋರುವುದು. ಉಳಿದ ಕಡೆ ಪಟ್ಟಿಯೇ ಗತಿ.

ಹುಲಗೂರಿನ ವಿದ್ಯಾರ್ಥಿಗೆ ಇನ್ನೊಂದು ಪ್ರತ್ಯೇಕ ತೊಡಕೂ ಇದೆ. ಗ್ರಂಥಸ್ಥ ಕನ್ನಡದ ‘ಓದುತ್ತಿದ್ದಾನೆ’ ಎಂಬುದಕ್ಕೆ ಅಲ್ಲಿಯವರು ‘ಓದಾಕ ಹತ್ಯಾನ’ ಎನ್ನುತ್ತಾರೆ. ಈಗ ನಡೆಯುತ್ತಿರುವ ಕ್ರಿಯೆಗೆ ಚತುರ್ಥಿಯ ರೂಪ! ಇಂಗ್ಲಿಷಿನಲ್ಲಿ ಅದೇ ಸ್ಥಳದಲ್ಲಿ ‘ಹಿ ಈಸ್ ರೀಡಿಂಗ್’ ಎಂದು ‘ಇಂಗ್’ ಬರುವುದು. ಇದನ್ನು ನಾಡುಮಾತಿನ ದೋಷವೆಂದು ಯಾರೂ ಹೀಗಳೆಯಬಾರದು. ‘ಹತ್ತು’ ಎಂದರೆ ತೊಡಗು. ಓದುವುದಕ್ಕೆ ತೊಡಗಿದ್ದಾನೆ ಎಂಬುದು ಎಷ್ಟು ಅಚ್ಚುಕಟ್ಟಾದ ಕಲ್ಪನೆ! ಇಂಗ್ಲಿಷಿನಲ್ಲಿಯೂ ಬೇಟೆಯಲ್ಲಿ ತೊಡಗಿರುವವನನ್ನು ‘ಎ-ಹಂಟಿಂಗ್’ ಎಂದು ಹೇಳುತ್ತಿದ್ದ ಕಾಲವಿತ್ತು; ಆ ‘ಎ’ ಎಂಬುದು ‘ಆನ್’ ಎಂಬ ಉಪಸರ್ಗದ ಸವೆದ ತುಣುಕು.

ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಅರ್ಜಿಗಳ ಕೊನೆಯ ಸಾಲಿನಲ್ಲಿ. ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಬರೆಯುತ್ತಾರೆ. ಇರಬೇಕಾದುದು ‘ಟು ಹಿಯರಿಂಗ್’. ಇಲ್ಲಿಯ ‘ಟು’ ಇನ್‌ಫಿನಿಟಿವಿನದಲ್ಲ, ತನ್ನ ಹಳೆಯ ಉಪಸರ್ಗದ ಕೆಲಸವನ್ನೇ ಇನ್ನೂ ಮಾಡುತ್ತಿರುವ ‘ಟು’. ಗುರುತಿಸುವುದು ಸುಲಭ. ಅದರ ಮುಂದೆ ಒಂದು ನಾಮಪದವನ್ನಿಟ್ಟು ನೋಡಿರಿ. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ಲೆಟರ್’ ಎಂಬುದು ಕೂಡುತ್ತದೆ. ‘ವಾಂಟ್ ಟು ಯುವರ್ ಲೆಟರ್’ ಎಂಬುದು ಕೂಡದು. ನಾಮಪದ ಕೂಡುವ ‘ಟು’ವಿನ ಮುಂದೆ ‘ಇಂಗ್’ ಬರಬೇಕು. ‘ಅಬ್ಜೆಕ್ಟ್ ಟು’, ‘ಅಕಸ್ಟಮ್ಡ್ ಟು’ ಎಂಬವುಗಳಿಗೂ ಇದೇ ನ್ಯಾಯ.

ಹೀಗೆನ್ನುವಾಗ ಒಂದು ಸಂಗತಿಯನ್ನು ಮುಚ್ಚಿಡಲಾಗದು. ಹತ್ತೊಂಬತ್ತನೆಯ ಶತಮಾನದ ಒಳ್ಳೆಯ ಇಂಗ್ಲಿಷ್ ಲೇಖಕರೇ ‘ಅಕಸ್ಟಮ್ಡ್ ಟು ಡೂ’ ಎಂದು ಧಾರಾಳವಾಗಿ ಬರೆಯುತ್ತಿದ್ದರು. ‘ಅವಾಯ್ಡ್ ಟು ಡೂ’ ಎಂಬುದೂ ಒಂದಾನೊಂದು ಕಾಲಕ್ಕೆ ಶಿಷ್ಟವಾಗಿಯೇ ಇತ್ತು. ಹಿಂದಿನ ಕೆಲವು ಶತಮಾನಗಳಲ್ಲಿ ‘ಇಂಗ್’ ರೂಪವು ‘ಟು’ವಿನ ನೆಲವನ್ನು ಒಂದೊಂದಾಗಿ ಆಕ್ರಮಿಸುತ್ತ ಬಂದಿದೆ, ಇಂಗ್ಲಿಷಿನ ಚರಿತ್ರಕಾರರು ಹಳೆಯ ಪುಸ್ತಕಗಳ ವಾಕ್ಯಗಳನ್ನು ಸಾವಿರಗಟ್ಟಲೆ ಎಣಿಸಿ ಇದನ್ನು ತೋರಿಸಿದ್ದಾರೆ. ಇಂದು ಕೆಂಪು ಗೆರೆ ಬೀಳುವ ಕೆಲವು ವಾಕ್ಯಗಳಿಗೆ ಇನ್ನೂರು ವರ್ಷಗಳ ಹಿಂದೆ ಪೂರ್ಣ ಅಂಕ ದೊರೆಯುತ್ತಿತ್ತು. ಬದಲಾವಣೆ ನಿಂತೂ ಇಲ್ಲ. ‘ಹೆಲ್ಪ್’ ಎಂಬುದರ ಮುಂದೆ ಈಚೆಗೆ ‘ಟು’ ಕಳಚಿಬೀಳುತ್ತಿದೆ. ‘ಹೆಲ್ಪ್ಡ್ ಹಿಮ್ ಟು ಕ್ಯಾರಿ’ ಎನ್ನುವವರಿಗಿಂತ ‘ಹೆಲ್ಪ್ಡ್ ಹಿಮ್ ಕ್ಯಾರಿ’ ಎನ್ನುವವರೇ, ವಿಶೇಷವಾಗಿ ಅಮೆರಿಕದಲ್ಲಿ, ಹೆಚ್ಚಾಗಿದ್ದಾರೆ. ಸದ್ಯಕ್ಕೆ ಎರಡೂ ಸರಿ.