ಬಣ್ಣದ ಕಾಗದಪಟ್ಟಿ: ಎಲ್ಲಿ ಬೇಕು, ಎಲ್ಲಿ ಬೇಡ

ಬೇಸಿಗೆಯ ರಜೆಯಲ್ಲಿ ನಮ್ಮ ಚಿಕ್ಕಬಾಣಾವರದ ಮಕ್ಕಳ ಕೈಯಲ್ಲಿ ಈಗ ಹೆಚ್ಚಾಗಿ ಕಾಣುವುದು ‘ವಾಶಿ ಟೇಪ್’ ಎಂಬ ಚಿತ್ತಾರದ ಅಂಟುಕಾಗದದ ಸುರುಳಿ. ಬಸವ ಜಯಂತಿಯ ಆಹ್ವಾನಪತ್ರಿಕೆಗೆ ಅಂಚು, ವಚನ ಬರೆದುಕೊಳ್ಳುವ ಪುಸ್ತಕಕ್ಕೆ ಬೆನ್ನುಪಟ್ಟಿ, ವಿಭೂತಿಯ ಡಬ್ಬಿಗೆ ಅಲಂಕಾರ, ಎಲ್ಲಕ್ಕೂ ಅದು ಒದಗುತ್ತದೆ. ಸಾಮಾನ್ಯವಾಗಿ 15 ಮಿಲಿಮೀಟರ್ ಅಗಲದ ಈ ಪಟ್ಟಿಯನ್ನು ಕತ್ತರಿಯಿಲ್ಲದೆ ಹರಿಯಬಹುದು. ಓರೆಯಾದರೆ ಎತ್ತಿ ಮತ್ತೆ ಅಂಟಿಸಬಹುದು. ಹರಿಯದೆ ಹಿಗ್ಗಿದರೆ ಅದು ಕಾಗದವಲ್ಲ, ಪ್ಲಾಸ್ಟಿಕ್ಕು. ಕಾಗದವಾದುದರಿಂದ ದೀಪದ ಕಂಬಕ್ಕೆ ಮಾತ್ರ ಸುತ್ತಬಾರದು.

ಇದರ ಹುಟ್ಟು ಸ್ವಾರಸ್ಯಕರವಾದುದು. ಜಪಾನಿನ ಕುರಾಶಿಕಿಯ ಕಾಮೋಯಿ ಸಂಸ್ಥೆ 1923ರಲ್ಲಿ ಆರಂಭವಾದದ್ದು ನೊಣ ಹಿಡಿಯುವ ಅಂಟುಕಾಗದ ತಯಾರಿಸಲು. ಮುಂದೆ ಅದು ಬಣ್ಣ ಬಳಿಯುವವರು ಅಂಚು ಮರೆಮಾಡುವ ಪಟ್ಟಿಯನ್ನು ಮಾಡತೊಡಗಿತು. ಆ ಪಟ್ಟಿಯಿಂದಲೇ ಕುಶಲವಸ್ತುಗಳನ್ನು ಮಾಡುತ್ತಿದ್ದ ಮೂವರು ಮಹಿಳೆಯರು 2006ರಲ್ಲಿ ಕಾರ್ಖಾನೆಯನ್ನು ನೋಡಬಯಸಿದರು. ಅವರ ಒತ್ತಾಸೆಯಿಂದ ಅಲಂಕಾರದ ಪಟ್ಟಿ ಹುಟ್ಟಿತು. ಅದೇ 1923ರಲ್ಲಿ ಇತ್ತ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಕೂಡಿಸಿದ ಕಟ್ಟುಗಳಿಂದ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಿದ್ದರು. ಕಾಕತಾಳೀಯವೇ ಸರಿ, ಆದರೆ ನಮಗೆ ಆ ಕಟ್ಟುಗಳ ನೆನಪಾದುದಕ್ಕೆ ಕಾರಣವುಂಟು.

ಹಿರಿಯರ ಕೈಬರಹದ ಹರಿದ ಹಾಳೆಗಳಿಗೆ ಇದೇ ಪಟ್ಟಿಯನ್ನು ಅಂಟಿಸಿದ್ದನ್ನು ನಾವು ಒಂದೆರಡು ಮನೆಗಳಲ್ಲಿ ಕಂಡೆವು. ಭಕ್ತಿಯಿಂದಲೇ ಮಾಡಿದ್ದರು. ಆದರೆ ಹೊಸ ಕಾಗದದಿಂದ ಸುಲಭವಾಗಿ ಏಳುವ ಈ ಪಟ್ಟಿ ಜೀರ್ಣವಾದ ಹಾಳೆಯಿಂದ ಹಾಗೆ ಏಳದು. ವರ್ಷ ಕಳೆದಂತೆ ಅಂಟು ಒಳಗಿಳಿದು ಕಲೆಯಾಗುತ್ತದೆ. ಕೀಳಹೋದರೆ ಮಸಿಯ ಅಕ್ಷರವೂ ಕಿತ್ತು ಬರುತ್ತದೆ. ತಾಳೆಗರಿಯಾದರೆ ಸಿಪ್ಪೆಯೇ ಎದ್ದೀತು.

ಹಸ್ತಪ್ರತಿ ಸಂರಕ್ಷಕರೂ ಜಪಾನಿನ ಕಾಗದವನ್ನೇ ಬಳಸುತ್ತಾರೆ, ಆದರೆ ಅದು ಬೇರೆ. ನಮ್ಮ ಹಿಪ್ಪುನೇರಳೆಯ ಕುಲಕ್ಕೇ ಸೇರಿದ ‘ಕೋಜೋ’ ಗಿಡದ ತೊಗಟೆಯ ನಾರಿನಿಂದ ಮಾಡಿದ, ಅಕ್ಷರ ಕಾಣುವಷ್ಟು ತೆಳುವಾದ ಹಾಳೆ ಅದು. ಅದಕ್ಕೆ ಗೋಧಿಯ ಪಿಷ್ಟದ ಸರಿಯನ್ನು ಹಚ್ಚುತ್ತಾರೆ. ಮುಂದೊಮ್ಮೆ ಬೇಕೆನಿಸಿದರೆ ತೇವ ಕೊಟ್ಟು ಬಿಡಿಸಬಹುದು. ಅದು ನುರಿತವರ ಕೆಲಸ; ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಕಡೆ ವಿಚಾರಿಸುವುದು ಲೇಸು.

ಮನೆಯಲ್ಲಿ ಮಾಡಬಹುದಾದುದು ಇಷ್ಟು: ಕಟ್ಟನ್ನು ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಪೆಟ್ಟಿಗೆಯಲ್ಲಿಡುವುದು. ಪೆಟ್ಟಿಗೆಯ ಹೊರಮೈ ಮಕ್ಕಳಿಗೆ ಬಿಟ್ಟದ್ದು. ಅವರು ಬಣ್ಣದ ಪಟ್ಟಿಯ ಚೌಕಟ್ಟು ಕಟ್ಟಲಿ. ನಡುವೆ ಗ್ರಂಥದ ಹೆಸರು, ಬರೆದ ಹಿರಿಯರ ಹೆಸರು, ಊರು, ತಿಳಿದಿದ್ದರೆ ವರ್ಷ, ಇವನ್ನು ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರೆಯಲಿ.