ಒಂದೇ ಯಂತ್ರ, ಬೇರೆ ಬೇರೆ ಉಗ್ರಾಣ

ಗಡಿನಾಡಿನ ನಮ್ಮ ಮಕ್ಕಳೂ ಈಗ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದಾರೆ. ಆದರೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಯಂತ್ರ. ಮಗಳು ಅದರಲ್ಲಿ ಹಾಲಿನ ಸೊಸೈಟಿಯ ಲೆಕ್ಕಕ್ಕೆ ಪ್ರೋಗ್ರಾಂ ಬರೆದಿದ್ದಾಳೆ ಎನ್ನೋಣ. ಮಗ ಕಾಲೇಜಿನ ಪಾಠಕ್ಕೆಂದು ಹೊಸದೇನನ್ನೋ ಹಾಕುತ್ತಾನೆ. ಬಟವಾಡೆಯ ದಿನವೇ ಸೊಸೈಟಿಯ ಲೆಕ್ಕ ನಿಂತುಹೋಗುತ್ತದೆ! ಹೀಗೇಕೆ?

ಪೈಥಾನ್ ಭಾಷೆಯನ್ನೇ ನೋಡಿ. ಗೈಡೊ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ ಭಾಷೆ ಇದು. ಇದರಲ್ಲಿ ಎಲ್ಲವನ್ನೂ ನಾವೇ ಬರೆಯಬೇಕಾಗಿಲ್ಲ; ಬೇರೆಯವರು ಬರೆದಿಟ್ಟ ಪ್ಯಾಕೇಜುಗಳನ್ನು 'ಪಿಪ್' ಎಂಬ ಸಾಧನದಿಂದ ತರಿಸಿಕೊಳ್ಳಬಹುದು. ಆದರೆ ಒಂದು ಉಗ್ರಾಣದಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿಗೆ ಜಾಗ. ಹೊಸದು ಬಂದರೆ ಹಳೆಯದು ಹೊರಗೆ. ಗಣಿತದ ಪ್ಯಾಕೇಜು ನಂಪೈ 2024ರ ಜೂನಿನಲ್ಲಿ ಎರಡನೆಯ ಆವೃತ್ತಿಗೆ ಏರಿದಾಗ, ಮೊದಲನೆಯದನ್ನು ನಂಬಿದ್ದ ಕೆಲವು ಪ್ರೋಗ್ರಾಂಗಳು ಕೈಕೊಟ್ಟವು.

ಬ್ಯಾಂಕಿನ ತಿಜೋರಿ ಒಂದೇ ಆದರೂ ಒಬ್ಬರ ಜಮಾ-ಖರ್ಚು ಇನ್ನೊಬ್ಬರ ಖಾತೆಗೆ ಸೇರುವುದಿಲ್ಲ. ಹಾಗೆಯೇ ಪ್ರತಿ ಕೆಲಸಕ್ಕೂ ಪ್ರತ್ಯೇಕ ಉಗ್ರಾಣವಿಡುವ ಏರ್ಪಾಡಿಗೆ 'ವರ್ಚುವಲ್ ಎನ್ವಿರಾನ್‌ಮೆಂಟ್' ಎನ್ನುತ್ತಾರೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಈ ಸೌಲಭ್ಯ 'ವೆನ್‌ವ್' ಎಂಬ ಹೆಸರಿನಲ್ಲಿ ಭಾಷೆಯ ಜೊತೆಗೇ ಸಿಗುತ್ತದೆ.

ಕ್ರಮ ಸುಲಭ. 'ಪೈಥಾನ್ ಹೈಫನ್-ಎಂ ವೆನ್‌ವ್' ಎಂದು ಟೈಪು ಮಾಡಿ, ಮುಂದೆ ಉಗ್ರಾಣದ ಹೆಸರು ಕೊಡಿ. ಆ ಹೆಸರಿನ ಫೋಲ್ಡರು ಸಿದ್ಧ. ಅದನ್ನು 'ಆಕ್ಟಿವೇಟ್' ಮಾಡಿದರೆ ಪರದೆಯಲ್ಲಿ ಸಾಲಿನ ಮೊದಲಿಗೆ ಉಗ್ರಾಣದ ಹೆಸರು ಕಾಣುತ್ತದೆ. ಅದು ಕಂಡ ಮೇಲೆಯೇ ಪಿಪ್ ಬಳಸಿ. ಕೆಲಸ ಮುಗಿದರೆ 'ಡಿಆಕ್ಟಿವೇಟ್'.

ಲಿನಕ್ಸ್ ಯಂತ್ರಗಳಲ್ಲಿ ವ್ಯವಸ್ಥೆಯ ಸ್ವಂತ ಕೆಲಸಗಳಿಗೂ ಪೈಥಾನ್ ಬೇಕು. ಆದ್ದರಿಂದ 2023ರ ಡೆಬಿಯನ್ 12ರಿಂದೀಚೆಗೆ ಅಲ್ಲಿನ ಮೂಲ ಉಗ್ರಾಣಕ್ಕೆ ಕೈಹಾಕಲು ಪಿಪ್ ಸುಲಭಕ್ಕೆ ಒಪ್ಪುವುದಿಲ್ಲ. ಅದು ತೊಂದರೆಯಲ್ಲ, ರಕ್ಷಣೆ.

ಉಗ್ರಾಣವನ್ನು ಬೇರೆ ಯಂತ್ರಕ್ಕೆ ಹೊತ್ತೊಯ್ಯಬೇಡಿ. ಹಳೆಯ ಜಾಗದ ವಿಳಾಸ ಅದರೊಳಗೆ ಬರೆದಿರುತ್ತದೆ. 'ಪಿಪ್ ಫ್ರೀಜ್' ಕೊಡುವ ಪಟ್ಟಿಯನ್ನು 'ರಿಕ್ವೈರ್‌ಮೆಂಟ್ಸ್' ಎಂಬ ಕಡತದಲ್ಲಿಟ್ಟರೆ, ಅದನ್ನು ನೋಡಿ ಅಲ್ಲಿ ಹೊಸ ಉಗ್ರಾಣ ತುಂಬಬಹುದು. ಒಂದು ಎಚ್ಚರಿಕೆ: ಈ ಏರ್ಪಾಡು ವೈರಸ್ ತಡೆಯುವ ಗೋಡೆಯಲ್ಲ. ಗುರುತಿಲ್ಲದ ಪ್ಯಾಕೇಜನ್ನು ಯಾವ ಉಗ್ರಾಣಕ್ಕೂ ತರಬಾರದು.

ಇಷ್ಟು ಪಾಲಿಸಿದರೆ ಅಣ್ಣನ ಪಾಠವೂ ಸಾಗುತ್ತದೆ, ತಂಗಿಯ ಲೆಕ್ಕವೂ ಉಳಿಯುತ್ತದೆ, ಹಾಲು ಹಾಕಿದವರಿಗೆ ಹಣವೂ ಹೊತ್ತಿಗೆ ಸಿಗುತ್ತದೆ.